ಇನ್ನೊಬ್ಬರ ಸಲುವಾಗಿ

ತಬಿತವ್ವನ ಆಶ್ರಮದಲ್ಲಿ ಸಂಜೆಯ ಪ್ರಾರ್ಥನೆಗೆ ಗಂಟೆ ಬಾರಿಸುತ್ತಿರಲಿಲ್ಲ. ಆಚೆ ದಂಡೆಯ ಎಮ್ಮೆಗಳು ಹೊಳೆಯಿಂದ ಮೇಲೆದ್ದು ಮನೆಯ ಕಡೆ ಹೊರಟವೆಂದರೆ ಊರಿನ ಜನ ಬಂದು ಚಾಪೆಯ ಮೇಲೆ ಕೂಡುತ್ತಿದ್ದರು.

ಆಶ್ರಮವೆಂದರೆ ಹೊಳೆಯ ದಂಡೆಯ ಮೇಲೆ ಎರಡು ಸಣ್ಣ ಕೋಣೆ, ಒಂದು ಪಡಸಾಲೆ. ಪಡಸಾಲೆಯ ಗೋಡೆಯ ಮೇಲೆ ಬೇವಿನ ಕಟ್ಟಿಗೆಯ ಶಿಲುಬೆ. ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು.

ಹಾಡು ಮುಗಿದ ಮೇಲೆ ಇನ್ನೊಬ್ಬರ ಸಲುವಾಗಿ ಬೇಡಿಕೊಳ್ಳುವ ಹೊತ್ತು. ಯಾರಿಗಾದರೂ ಕಷ್ಟವಿದ್ದರೆ ಅವರು, ಇಲ್ಲವೆ ಅವರ ಮನೆಯವರು, ಮೊದಲೇ ಬಂದು ತಬಿತವ್ವನ ಕಿವಿಯಲ್ಲಿ ಹೇಳಿ ಹೋಗುತ್ತಿದ್ದರು. ತಬಿತವ್ವ ಒಂದು ಹೆಸರು ಹೇಳುತ್ತಿದ್ದರು. ಸುಮ್ಮನಾಗುತ್ತಿದ್ದರು. ಆಮೇಲೆ ಇನ್ನೊಂದು ಹೆಸರು. ಮತ್ತೆ ಸುಮ್ಮನೆ.

ಊರವರಿಗೆ ಅದು ಸಾಲುತ್ತಿರಲಿಲ್ಲ.

“ಬರೇ ಹೆಸರು ಹೇಳಿದರ ದೇವರಿಗೆ ಹೆಂಗ ತಿಳೀಬೇಕು?” ಎಂದು ರಾಹೇಲವ್ವ ಚಪ್ಪಲಿ ಮೆಟ್ಟಿಕೊಳ್ಳುತ್ತ ಅನ್ನುತ್ತಿದ್ದಳು. “ನಮ್ಮ ಓಣ್ಯಾಗ ಇಬ್ಬರು ಮಾರ್ತವ್ವ ಅದಾರ. ಯಾವಾಕಿಗೆ ಕಾಲು ನೋಯ್ತಾವ, ಯಾವಾಕಿಗೆ ಸೊಸಿ ಬೈತಾಳ, ಅವನಿಗೆ ಗೊತ್ತಾಗೂದು ಬ್ಯಾಡೇನು?”

ಆ ವರ್ಷ ತಬಿತವ್ವನ ಗಂಟಲು ಕೆಟ್ಟಿತು. ಮಾತು ಕಡಿಮೆ ಮಾಡಬೇಕೆಂದು ಡಾಕ್ಟರು ಹೇಳಿದರು.

“ಮೊದಲರ ಎಲ್ಲಿ ಮಾತಾಡ್ತಿದ್ದರು!” ಎಂದಳು ರಾಹೇಲವ್ವ.

ಆಶ್ರಮದಲ್ಲೇ ಇದ್ದು ತಬಿತವ್ವನ ಬಳಿ ಕಲಿಯುತ್ತಿದ್ದವಳು ಜೆಮಿಮಾ. ಮೂವತ್ತು ದಾಟಿದವಳು. ಓದಿದವಳು. ಧ್ವನಿ ಚೆನ್ನಾಗಿತ್ತು.

“ಸಂಜೀ ಹೊತ್ತು ಬೇಡಿಕೊಳ್ಳೂದು ನಾ ಮಾಡ್ಲೇನವ್ವಾ?” ಎಂದು ಅವಳೇ ಕೇಳಿದಳು.

ತಬಿತವ್ವ ಕೌದಿ ಹೊಲಿಯುತ್ತಿದ್ದರು. ಹಳೇ ಸೀರೆಯ ಪದರುಗಳ ಮೇಲೆ ಸೂಜಿ ಆಡುತ್ತಿತ್ತು.

“ಯಾಕ?”

“ನನಗ ಜನರ ಕಷ್ಟ ನೋಡಾಕ ಆಗೂದಿಲ್ಲ.”

“ಆತು, ಮಾಡು.”

ಜೆಮಿಮಾ ಎದ್ದು ನಿಂತು ಕಣ್ಣು ಮುಚ್ಚಿ ಕೈ ಜೋಡಿಸಿದಳು.

“ಕರ್ತನೇ, ಬೆಳಗಿನ ಜಾವ ಗೋಡೆ ಹಿಡಿದು ಎದ್ದು, ಗೋಡೆ ಹಿಡಿದೇ ನಡೆಯುವ ನಿನ್ನ ದಾಸಿ ಮಾರ್ತವ್ವನನ್ನು ನೋಡು. ಹೊಟ್ಟೆಯಲ್ಲಿ ಹುಟ್ಟಿದ ಗಂಡುಮಕ್ಕಳಿದ್ದೂ ಒಂದು ಮಾತ್ರೆ ತಂದುಕೊಡುವವರಿಲ್ಲದ ಅವಳ ಮೊಣಕಾಲುಗಳನ್ನು ನಿನ್ನ ಕೈಯಿಂದ ಮುಟ್ಟು.”

ಮಾರ್ತವ್ವನ ಹಿರಿಯ ಮಗ ಬಲಗಡೆ ಕೂತಿದ್ದ. ಅವನ ತಲೆ ಬಾಗಿತು. ಮರುದಿನ ಮಧ್ಯಾಹ್ನದೊಳಗೆ ಮಾರ್ತವ್ವನಿಗೆ ಮಾತ್ರೆಯೂ ಬಂತು, ತಿಕ್ಕಿಕೊಳ್ಳುವ ಎಣ್ಣೆಯೂ ಬಂತು.

ಜೆಮಿಮಾ ಓಡಿ ಬಂದಳು. “ಅವ್ವಾ! ಪ್ರಾರ್ಥನಿ ಕೇಳಸ್ತು.”

“ಯಾರಿಗೆ?” ಎಂದರು ತಬಿತವ್ವ.

ಜೆಮಿಮಾ ನಕ್ಕಳು. ಗುರು ತಮಾಷೆ ಮಾಡಿದರೆಂದುಕೊಂಡಳು.

ಪಡಸಾಲೆ ತುಂಬತೊಡಗಿತು. ಭಾನುವಾರ ಮಾತ್ರ ಬರುತ್ತಿದ್ದವರು ದಿನಾ ಬಂದರು. ಕಿವಿ ಮಂದವಾಗಿದ್ದವರು ಮುಂದಿನ ಸಾಲಿಗೆ ಸರಿದರು. ಯಾರ ಮನೆಯಲ್ಲಿ ಏನಾಗಿದೆ ಎನ್ನುವುದು ಊರಿನಲ್ಲಿ ಜೆಮಿಮಳ ಪ್ರಾರ್ಥನೆಯಿಂದ ತಿಳಿಯುವಂತಾಯಿತು.

“ಹಿಂಗ ಇರಬೇಕು ನೋಡವಾ ಪ್ರಾರ್ಥನಿ ಅಂದರ,” ಎಂದಳು ರಾಹೇಲವ್ವ. “ಕಣ್ಣಿಗೆ ಕಟ್ಟಿದಂಗ ಆಗ್ತೈತಿ.”

ಒಂದು ಮಧ್ಯಾಹ್ನ ಸುಲೋಚನಾ ಬಂದಳು. ಶಾಲೆಯ ವ್ಯಾನ್ ಓಡಿಸುವ ಕರುಣಾಕರನ ಹೆಂಡತಿ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು. ಜೆಮಿಮಳನ್ನು ಹಿತ್ತಲಿಗೆ ಕರೆದು, ಯಾರೂ ಇಲ್ಲವೆಂದು ನೋಡಿಕೊಂಡು, ಅವಳ ಕಿವಿಯ ಹತ್ತಿರ ಬಾಯಿ ತಂದಳು.

ಹೇಳಿ ಮುಗಿಸುವಾಗ ಅವಳ ಗಲ್ಲ ಒದ್ದೆಯಾಗಿತ್ತು.

“ಮಂದೀಗೆ ಗೊತ್ತಿಲ್ಲಕ್ಕಾ. ನಮ್ಮ ಮನಿಯವರು ಮಲಗೂ ಹೊತ್ತಿಗೆ ಮನ್ಯಾಗ ಕುಡೀತಾರ. ಮುಂಜಾನೆ ಕಣ್ಣು ಕೆಂಪಗ ಇರ್ತಾವ. ಅದರಾಗ ವ್ಯಾನ್ ತಗೊಂಡು ಹೋಗ್ತಾರ. ನನಗ ಜೀವ ಹಾರಿ ಹೋಗ್ತೈತಿ. ಅವರ ಸಲುವಾಗಿ ಬೇಡಿಕೋ.”

“ಬೇಡಿಕೊಂತೀನಿ,” ಎಂದಳು ಜೆಮಿಮಾ. ಅವಳಿಗೂ ಅಳು ಬಂದಿತ್ತು.

ಆ ಸಂಜೆ ಕರುಣಾಕರ ಬಂದಿರಲಿಲ್ಲ. ಜೆಮಿಮಾ ಎದ್ದು ನಿಂತಳು. ಅವಳ ಧ್ವನಿ ಎಂದಿಗಿಂತ ಮೃದುವಾಗಿತ್ತು.

“ಕರ್ತನೇ, ರಾತ್ರಿ ಕುಡಿದ ಅಮಲು ಇಳಿಯುವ ಮೊದಲೇ ನಮ್ಮ ಊರಿನ ಹಸುಮಕ್ಕಳನ್ನು ವ್ಯಾನಿನಲ್ಲಿ ಕೂಡಿಸಿಕೊಂಡು ಹೊರಡುವ ನಿನ್ನ ಮಗ ಕರುಣಾಕರನ ಕೈಯಿಂದ ಆ ಬಾಟಲಿಯನ್ನು ಬಿಡಿಸು. ಕಣ್ಣೀರಿನಲ್ಲಿ ದಿನ ನೂಕುವ ಅವನ ಹೆಂಡತಿಯ ಮೊರೆಯನ್ನು ಕೇಳು.”

ಆಮೆನ್ ಹೇಳುವುದು ತಡವಾಯಿತು. ಪಡಸಾಲೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಜನರ ಮನಸ್ಸು ಕರಗಿದೆ ಎಂದುಕೊಂಡಳು ಜೆಮಿಮಾ. ಕಣ್ಣು ತೆರೆದಾಗ ಸುಲೋಚನಾ ಕೂತಿದ್ದ ಜಾಗ ಖಾಲಿಯಾಗಿತ್ತು.

ಆ ವಾರವೇ ಕರುಣಾಕರ ಬಂದ. ನಡೆದುಕೊಂಡು ಬಂದಿದ್ದ. ಜೆಮಿಮಾ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು.

“ಜೆಮಿಮಕ್ಕಾ, ಒಂದು ಮಾತು ಕೇಳ್ತೀನಿ.”

“ಕೇಳ್ರಿ.”

“ನೀವು ದೇವರಿಗೆ ಹೇಳಿದಿರೋ, ಊರಿಗೆ ಹೇಳಿದಿರೋ?”

ಅವಳ ಕೈ ನಿಂತಿತು. “ನಿಮ್ಮ ಸಲುವಾಗಿ ಬೇಡಿಕೊಂಡೆ.”

“ನನ್ನ ಸಲುವಾಗಿ!” ಅವನು ನಕ್ಕ. ನಗೆ ಚೆನ್ನಾಗಿರಲಿಲ್ಲ. “ದೇವರು ಇನ್ನೂ ಏನೂ ಅಂದಿಲ್ಲ. ಶಾಲಿಯವರು ಮರುದಿನ ಮುಂಜಾನೆನ ವ್ಯಾನಿನ ಕೀಲಿ ಕಸಗೊಂಡ್ರು.”

ಜೆಮಿಮಾ ಶೇಂಗಾದ ಮೊರ ಬದಿಗೆ ಸರಿಸಿ ಎದ್ದು ನಿಂತಳು.

“ಮನ್ಯಾಗಿನ ಮಾತು. ನಾ ಹೇಳಿಲ್ಲ. ಮತ್ತ ಯಾರು ಹೇಳಿದರು? ಸುಲೋಚನಾನ ಹೇಳಿರಬೇಕು.”

ಅವಳು ತಲೆ ತಗ್ಗಿಸಿದಳು.

“ಹ್ಞಾಂ. ಈಗ ಸುಮ್ಮನಾದಿರಿ. ಅವತ್ತು ಹಿಂಗ ಸುಮ್ಮನಿದ್ದಿದ್ದರ ಆಗ್ತಿತ್ತು.” ಅವನು ಹೊರಳಿದ. ಗೇಟಿನ ಹತ್ತಿರ ನಿಂತು ಮತ್ತೆ ಹೇಳಿದ, “ಆಕಿಗೆ ನಿನ್ನ ಮುಖಾ ತೋರಿಸಬ್ಯಾಡ ಅಂದೆ. ತವರಿಗೆ ಹೋಗ್ಯಾಳ. ಇದನ್ನೂ ಸಂಜಿಗೆ ದೇವರಿಗೆ ಹೇಳ್ರಿ. ಅವನಿಗೆ ಗೊತ್ತಿರಲಿಕ್ಕಿಲ್ಲ.”

ಜೆಮಿಮಾ ತಬಿತವ್ವನ ಮುಂದೆ ಬಂದು ಕೂತಳು. ಎಲ್ಲವನ್ನೂ ಹೇಳಿದಳು. ಹೇಳಿದ ಮೇಲೆ ಸಿಟ್ಟು ಬಂತು.

“ಅವ್ವಾ, ಅವರು ಕುಡಿಯೂದು ಖರೆ. ವ್ಯಾನ್ ನಡಸೂದು ಖರೆ. ಹುಡುಗೂರಿಗೆ ಏನರ ಆಗಿದ್ದರ? ಕೀಲಿ ಹೋಗಿದ್ದು ಛಲೋನ ಆತಲ್ಲ?”

“ಛಲೋನ ಆತು.”

“ಹಂಗಾದರ ನಂದು ತಪ್ಪಿಲ್ಲ.”

“ಕರುಣಾಕರನ ಮುಖಾ ನೋಡಿ ಹೇಳಬೇಕಿತ್ತು. ಅವ ಕೇಳದಿದ್ದರ ಶಾಲಿಗೆ ಹೋಗಿ ಹೆಡ್‌ಮಾಸ್ತರ ಮುಖಾ ನೋಡಿ ಹೇಳಬೇಕಿತ್ತು.” ತಬಿತವ್ವನಿಗೆ ಗಂಟಲು ನೋಯುತ್ತಿತ್ತು. ತಡೆದು ತಡೆದು ಹೇಳಿದರು. “ನೀ ಕಣ್ಣು ಮುಚ್ಚಿಕೊಂಡು ಹೇಳಿದಿ.”

ಜೆಮಿಮಾ ಎದ್ದು ಹಿತ್ತಲಿಗೆ ಹೋದಳು. ಮಕ್ಕಳು ಉಳಿದರು, ಅದು ನಿಜ. ಒಂದು ಮನೆ ಒಡೆಯಿತು, ಅದೂ ನಿಜ. ಯಾವುದು ಪ್ರಾರ್ಥನೆಯಿಂದ ಆಯಿತು, ಯಾವುದು ತನ್ನ ಬಾಯಿಯಿಂದ ಆಯಿತು, ಅವಳಿಗೆ ತಿಳಿಯಲಿಲ್ಲ.

ಆ ಸಂಜೆ ಜನ ಬಹಳ ಇದ್ದರು. ಜೆಮಿಮಾ ಎದ್ದು ನಿಂತಳು. ಗುರುವಿನ ಹಾಗೆಯೇ ಮಾಡೋಣ ಎಂದು ಬರೀ ಹೆಸರು ಹೇಳಿದಳು.

“ಕರುಣಾಕರ.”

ಸುಮ್ಮನಾದಳು.

ತುಸು ಹೊತ್ತಿಗೆ ಕಣ್ಣು ತೆರೆದು ನೋಡಿದರೆ ಪಡಸಾಲೆಯ ತಲೆಗಳೆಲ್ಲ ಬಾಗಿಲ ಕಡೆ ಹೊರಳಿದ್ದವು. ಕರುಣಾಕರ ಯಾವಾಗಲೂ ಕೂಡುತ್ತಿದ್ದದ್ದು ಅಲ್ಲಿ, ಹೊಸ್ತಿಲ ಒಳಗೆ, ಕಂಬದ ಬುಡದಲ್ಲಿ, ಒಂದು ತುಂಡು ಚಾಪೆಯ ಮೇಲೆ. ಈಗ ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಆ ಚಾಪೆಯನ್ನು ನೋಡುತ್ತಿದ್ದರು.

ಹೆಸರೊಂದೇ ಸಾಕಾಗಿತ್ತು.

ಜೆಮಿಮಾ ಕೂತುಬಿಟ್ಟಳು.

“ಇವತ್ತು ಇಷ್ಟೇನು?” ಎಂದು ಯಾರೋ ಹಿಂದಿನಿಂದ ಕೇಳಿದರು.

ಮರುದಿನ ಬೆಳಿಗ್ಗೆ ಅವಳು ಹೊಳೆಯ ದಂಡೆಗೆ ಬಟ್ಟೆ ಒಗೆಯಲು ಹೋದಳು. ತಬಿತವ್ವ ಹಿಂದೆಯೇ ಬಂದು ಒಂದು ಬಂಡೆಯ ಮೇಲೆ ಕೂತರು.

“ಅವ್ವಾ, ದೇವರಿಗೆ ಎಲ್ಲಾ ಗೊತ್ತೈತಿ ಹೌದಲ್ಲ?”

“ಹೌದು.”

“ಕರುಣಾಕರನ ಮ್ಯಾಲ ಅವನಿಗೆ ನಮಗಿಂತ ಹೆಚ್ಚು ಪ್ರೀತಿ ಐತಿ ಹೌದಲ್ಲ?”

“ಹೌದು.”

“ಹಂಗಾದರ ನಾವು ನಡುವ ನಿಂತು ಬೇಡಿಕೊಳ್ಳೂದು ಯಾಕ? ನಾವು ಕೇಳದಿದ್ದರ ಅವನು ಕೊಡೂದಿಲ್ಲೇನು? ಕೇಳಿದರ ಕೊಡ್ತಾನೇನು? ಹಂಗಿದ್ದರ ಯಾರೂ ಕೇಳದವರ ಗತಿ ಏನು?”

ತಬಿತವ್ವ ನೀರನ್ನು ನೋಡುತ್ತಿದ್ದರು.

“ನನಗೊಬ್ಬ ತಮ್ಮ ಇದ್ದ,” ಎಂದರು. “ಮನಿ ಬಿಟ್ಟು ಹೋದವ. ಅವನ ಸಲುವಾಗಿ ದಿನಾ ಬೇಡಿಕೊಂಡೆ. ಅವ ಸಾಯೂ ತನಕ.”

“ಅವರು ತಿರುಗಿ ಬಂದರೇನು?”

“ಇಲ್ಲ.”

ಜೆಮಿಮಾ ಯೋಚಿಸಿದಳು. ಇಂಥ ಪ್ರಶ್ನೆಗೆ ಎಲ್ಲೋ ಕೇಳಿದ್ದ ಒಂದು ಉತ್ತರ ಅವಳ ನೆನಪಿಗೆ ಬಂತು. ಮುಖ ಅರಳಿತು.

“ಅವರು ಬದಲಾಗಲಿಲ್ಲ. ಬೇಡಿಕೊಂತ ಬೇಡಿಕೊಂತ ನೀವು ಬದಲಾದಿರಿ. ಹೌದಲ್ಲವ್ವಾ?”

“ಅಷ್ಟೇನೂ ಇಲ್ಲ,” ಎಂದರು ತಬಿತವ್ವ.

ಜೆಮಿಮಳ ಕೈಯಿಂದ ಸೀರೆ ಜಾರಿತು. ಹೊಳೆ ಅದನ್ನು ಎಳೆದುಕೊಂಡು ಹೊರಟಿತು. ಅವಳು ಮೊಣಕಾಲವರೆಗೆ ನೀರಿಗಿಳಿದು ಹಿಡಿದು ತಂದಳು.

“ಮತ್ತ ಏನಾತು?” ಎಂದಳು ಏದುಸಿರು ಬಿಡುತ್ತ.

“ದಿನಾ ಸಂಜಿಗೆ ಅವನ ಹೆಸರು ನನ್ನ ಬಾಯಾಗ ಇರ್ತಿತ್ತು. ಅವ ಎಲ್ಲಿದ್ದನೋ ಏನೋ. ಅಷ್ಟ.”

“ನನಗ ತಿಳೀಲಿಲ್ಲವ್ವಾ.”

“ನನಗೂ ಪೂರಾ ತಿಳಿದಿಲ್ಲ.”

ಜೆಮಿಮಾ ಸೀರೆ ಹಿಂಡಿದಳು. ಒಂದೇ ಸೀರೆಯನ್ನು ಎರಡು ಸಲ ಹಿಂಡಿದಳು.

“ನಾ ಇನ್ನ ಮುಂದ ನಿಂತು ಬೇಡಿಕೊಳ್ಳೂದಿಲ್ಲ. ನನ್ನ ಬಾಯಿ ಮ್ಯಾಲ ನನಗ ಭರವಸೆ ಇಲ್ಲ.”

“ಬ್ಯಾಡ.”

“ಹಂಗಾದರ ಏನು ಮಾಡಲಿ?”

“ಇವತ್ತು ಕರುಣಾಕರನ ಜಾಗದಾಗ ಕೂಡು.”

“ಅದು ಗಂಡಸರ ಕಡೆ ಅಲ್ಲವ್ವಾ?”

ತಬಿತವ್ವ ಕೈ ಚಾಚಿದರು. ಜೆಮಿಮಾ ಅವರನ್ನು ಬಂಡೆಯಿಂದ ಇಳಿಸಿದಳು.

ಸಂಜೆ ಅವಳು ಹೋಗಿ ಕಂಬದ ಬುಡದಲ್ಲಿ ಕೂತಳು. ಅಲ್ಲಿ ಹಾಡು ಸರಿಯಾಗಿ ಕೇಳಿಸುತ್ತಿರಲಿಲ್ಲ. ಹೊರಗೆ ಬಿಟ್ಟ ಚಪ್ಪಲಿಗಳ ವಾಸನೆ ಒಳಗೆ ಬರುತ್ತಿತ್ತು. ಒಳಬರುವವರೆಲ್ಲ ಮೊದಲು ಅವಳನ್ನು ನೋಡಿದರು. ಒಬ್ಬಿಬ್ಬರು ನೋಡದ ಹಾಗೆ ಮಾಡಿದರು. ಅದು ಇನ್ನೂ ಕಷ್ಟವಾಯಿತು.

ಹಾಡು ಮುಗಿಯಿತು. ಮುಂದೆ ಯಾರೂ ಏಳಲಿಲ್ಲ. ಆಗ ರಾಹೇಲವ್ವ ಎದ್ದಳು. ಅವಳಿಗೆ ಜೆಮಿಮಳ ಮೇಲೆ ನಿಜವಾಗಿ ಪ್ರೀತಿಯಿತ್ತು. ಕಣ್ಣು ಮುಚ್ಚಿ, ಜೆಮಿಮಳ ಧಾಟಿಯಲ್ಲೇ ಶುರುಮಾಡಿದಳು.

“ಕರ್ತನೇ, ಓದು ಬರಹ ಬಲ್ಲವಳಾದರೂ ಕಿವಿಯಲ್ಲಿ ಕೇಳಿದ ಗುಟ್ಟನ್ನು ಬಾಯಿಯಲ್ಲಿ ಹಿಡಿದಿಟ್ಟುಕೊಳ್ಳಲಾರದೆ, ಒಂದು ಸಂಸಾರ ಮುರಿಯಲು ಕಾರಣಳಾಗಿ, ಈಗ ಬಾಗಿಲ ಬಳಿ ಕೂತು ಪಶ್ಚಾತ್ತಾಪ ಪಡುತ್ತಿರುವ ನಿನ್ನ ಮಗಳು ಜೆಮಿಮಳನ್ನು ಕ್ಷಮಿಸು. ತನ್ನ ಧ್ವನಿಯನ್ನು ತಾನೇ ಮೆಚ್ಚಿಕೊಳ್ಳುವ ಗರ್ವವನ್ನು ಅವಳಿಂದ ತೆಗೆದುಹಾಕು.”

“ಆಮೆನ್,” ಎಂದಿತು ಪಡಸಾಲೆ. ಈ ಸಲ ತಡವಾಗಲಿಲ್ಲ.

ಜೆಮಿಮಳ ಕಿವಿ ಬಿಸಿಯಾದವು. ಎದ್ದು ಓಡಬೇಕೆನಿಸಿತು. ಎದ್ದರೆ ಎಲ್ಲರೂ ನೋಡುತ್ತಾರೆ. ಕೂತರೂ ನೋಡುತ್ತಿದ್ದಾರೆ. ಅವಳು ಕಂಬಕ್ಕೆ ತಲೆ ಒತ್ತಿ ಕೂತಳು.

ಜನ ಹೋದ ಮೇಲೆ ತಬಿತವ್ವ ಬಂದು ಕೇಳಿದರು, “ಪ್ರಾರ್ಥನಿ ಹೆಂಗಿತ್ತು?”

“ರಾಹೇಲವ್ವ ಹೇಳಿದ್ದು ಎಲ್ಲಾ ಖರೆ ಐತಿ.”

“ಹ್ಞೂಂ.”

“ಆಕಿ ಪ್ರೀತಿಯಿಂದನ ಹೇಳಿದಳು.”

“ಹ್ಞೂಂ.”

“ಆದರೂ ನನ್ನ ಮೈಮ್ಯಾಲಿನ ಅರಿವಿ ಕಸಗೊಂಡಂಗ ಆತವ್ವಾ.”

ತಬಿತವ್ವ ಹೆಂಗಸರ ಕಡೆಯ ಚಾಪೆ ಮಡಚಿದರು, ಗಂಡಸರ ಕಡೆಯದು ಮಡಚಿದರು. ಬಾಗಿಲ ಬಳಿಯ ತುಂಡು ಚಾಪೆಯನ್ನು ಹಾಗೆಯೇ ಬಿಟ್ಟರು.

ಮರುದಿನ ಜೆಮಿಮಾ ಯಾರನ್ನೂ ಕೇಳದೆ ಕರುಣಾಕರನ ಮನೆಗೆ ಹೋದಳು. ಬಾಗಿಲಿನಿಂದ ಹೊಗೆ ಬರುತ್ತಿತ್ತು. ಅವನು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಹಂಚಿನ ಮೇಲೆ ಜೋಳದ ರೊಟ್ಟಿ ಸೀಯುತ್ತಿತ್ತು.

“ಬರ್ರಿ, ಬರ್ರಿ,” ಎಂದ ಅವಳನ್ನು ನೋಡಿ. “ಮೈಕ್ ತಂದೀರೇನು?”

“ಇಲ್ಲ.”

“ಇಲ್ಲಿ ಜನಾ ಕಡಿಮಿ. ನಿಮಗ ಸಾಲೂದಿಲ್ಲ.”

ಅವಳು ಹೊಸ್ತಿಲಲ್ಲೇ ನಿಂತಳು. “ಸುಲೋಚನಾ ನನಗ ಗುಟ್ಟಾಗಿ ಹೇಳಿದ್ದಳು. ಊರಿಗೆ ಹೇಳಿದಾಕಿ ನಾನು. ಸಿಟ್ಟು ನನ್ನ ಮ್ಯಾಲ ಇರಲಿ.”

“ಐತಿ,” ಎಂದ ಕರುಣಾಕರ. “ನಿಮ್ಮ ಮ್ಯಾಲ ಐತಿ, ಆಕಿ ಮ್ಯಾಲ ಐತಿ. ನನ್ನ ಮ್ಯಾಲನೂ ಐತಿ. ಸಿಟ್ಟಿಗೇನು ಕಡಿಮಿ ಇಲ್ಲ.” ಹಂಚಿನಿಂದ ರೊಟ್ಟಿ ತೆಗೆಯಲು ಹೋದ. ಅದು ಹರಿದು ಎರಡಾಯಿತು. “ರೊಟ್ಟಿ ಬಡಿಯಾಕ ಬರ್ತೈತೇನು ನಿಮಗ? ಬರೇ ಪ್ರಾರ್ಥನಿನೋ?”

ಜೆಮಿಮಾ ಒಳಗೆ ಬಂದು ಕೂತಳು. ಹಿಟ್ಟು ತೆಗೆದುಕೊಂಡು ಬಡಿದಳು. ಅವಳು ಬಡಿದ ರೊಟ್ಟಿಯೂ ಹರಿಯಿತು.

ಕರುಣಾಕರ ಅದನ್ನು ನೋಡಿದ. ಅವನ ಮುಖದಲ್ಲಿ ಏನೋ ಸಡಿಲವಾಯಿತು.

“ಆಶ್ರಮದಾಗ ಯಾರು ಮಾಡ್ತಾರ?”

“ತಬಿತವ್ವ.”

“ಹಂಗನ್ರಿ ಮತ್ತ.”

ಹರಿದ ರೊಟ್ಟಿಗಳನ್ನು ಚಟ್ನಿಪುಡಿ ಹಚ್ಚಿಕೊಂಡು ತಿಂದರು. ತಿನ್ನುವಾಗ ಅವನು ಒಲೆಯ ಕಡೆ ನೋಡುತ್ತ ಹೇಳಿದ, “ಆಕಿನ್ನ ಕರಕೊಂಡು ಬರ್ರಿ. ನಾ ಕರದರ ಬರೂದಿಲ್ಲ. ಕುಡಿಯೂದು ಬಿಟ್ಟಾರ ಅಂತ ಹೇಳ್ರಿ.”

“ಬಿಟ್ಟೀರೇನು?”

ಅವನು ಒಲೆಯೊಳಗೆ ಒಂದು ಕಟ್ಟಿಗೆ ಸರಿಸಿದ. “ಇಲ್ಲ.”

“ಹಂಗಾದರ ಏನಂತ ಹೇಳಲಿ?”

“ಅದು ನನಗೂ ತಿಳಿವಲ್ದು.”

ಸುಲೋಚನಳ ತವರು ಬಸ್ಸಿನ ದಾರಿ. ಕಿಟಕಿಯ ಪಕ್ಕ ಕೂತು ಜೆಮಿಮಾ ಏನು ಹೇಳಬೇಕೆಂದು ಜೋಡಿಸಿಕೊಂಡಳು. ಇಳಿಯುವ ಹೊತ್ತಿಗೆ ಜೋಡಿಸಿದ್ದೆಲ್ಲ ಸುಳ್ಳೆನಿಸಿತು.

ಸುಲೋಚನಾ ನಲ್ಲಿಯ ಹತ್ತಿರ ಇದ್ದಳು. ತುಂಬಿದ ಕೊಡ ಸೊಂಟದ ಮೇಲಿತ್ತು. ಜೆಮಿಮಳನ್ನು ಕಂಡೂ ಕೊಡ ಇಳಿಸಲಿಲ್ಲ.

“ನಾ ನಿಮ್ಮ ಕಿವ್ಯಾಗ ಹೇಳಿದ್ದೆ.”

“ಹೌದು.”

“ಕಿವ್ಯಾಗ ಹೇಳಿದ್ದು ಬಾಯಿಗೆ ಯಾಕ ಬಂತು?”

ಜೆಮಿಮಳ ಬಳಿ ಇದಕ್ಕೆ ಒಳ್ಳೊಳ್ಳೆಯ ಉತ್ತರಗಳಿದ್ದವು. ಒಂದೂ ನಾಲಿಗೆಯ ಮೇಲೆ ನಿಲ್ಲಲಿಲ್ಲ.

“ಜನಾ ಕೇಳೂದು ನನಗ ಹಿತಾ ಅನಸ್ತಿತ್ತು.”

ಸುಲೋಚನಾ ಅವಳನ್ನು ದಿಟ್ಟಿಸಿ ನೋಡಿದಳು. “ಅವರು ಕಳಿಸ್ಯಾರೇನು?”

“ಹೌದು.”

“ಬಿಟ್ಟಾರೇನು?”

“ಬಿಟ್ಟಿಲ್ಲ.”

“ಮತ್ತ ಯಾವ ಮುಖಾ ಹೊತ್ತು ಬಂದಿರಿ?”

“ಕರಕೊಂಡು ಬಾ ಅಂದರು. ಏನು ಹೇಳಬೇಕು ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿಮ್ಮ ಮುಂದ ಬಂದು ನಿಂತೀನಿ.”

ಕೊಡದ ನೀರು ತುಳುಕಿ ಸುಲೋಚನಳ ಸೀರೆ ನೆನೆಯಿತು. ಅವಳು ಅದನ್ನು ಗಮನಿಸಲಿಲ್ಲ.

“ನಾ ಬರೂದಿಲ್ಲ.”

“ಆತು.”

“ಬರೂದಿಲ್ಲ ಅಂತ ಹೇಳ್ರಿ.”

“ಹೇಳ್ತೀನಿ.”

ಜೆಮಿಮಾ ಹೊರಳಿದಳು. ಕೆಲವು ಹೆಜ್ಜೆ ಹೋದ ಮೇಲೆ ಹಿಂದಿನಿಂದ ಧ್ವನಿ ಬಂತು.

“ಊಟಾ ಮಾಡ್ತಾರೇನು?”

“ರೊಟ್ಟಿ ಹರೀತಾವ.”

ಸುಲೋಚನಾ ಕೊಡವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದಳು.

“ಹಿಟ್ಟಿಗೆ ಕುದಿಯೂ ನೀರು ಹಾಕಬೇಕು ಅಂತ ಹೇಳ್ರಿ,” ಎಂದಳು. ಮನೆಯ ಕಡೆ ಹೋದಳು. ತಿರುಗಿ ನೋಡಲಿಲ್ಲ.

ಜೆಮಿಮಾ ಎರಡು ಮಾತನ್ನೂ ಕರುಣಾಕರನಿಗೆ ಮುಟ್ಟಿಸಿದಳು. ಬರುವುದಿಲ್ಲ ಎನ್ನುವುದನ್ನು ಕೇಳಿ ಅವನು ಒಲೆಯ ಬೂದಿ ಕೆದಕಿದ. ಕುದಿಯುವ ನೀರಿನ ಮಾತು ಕೇಳಿ ಎದ್ದು ಹಿತ್ತಲಿಗೆ ಹೋದ. ಅಲ್ಲಿಂದ ಬಹಳ ಹೊತ್ತು ಬರಲಿಲ್ಲ.

ಅವಳು ಆಶ್ರಮಕ್ಕೆ ಬಂದು ತಬಿತವ್ವನ ಮುಂದೆ ಕುಸಿದಳು.

“ಅವ್ವಾ, ಅವರೂ ಬೈತಾರ, ಆಕಿನೂ ಬೈತಾಳ. ಇಬ್ಬರ ನಡುವ ಸಿಕ್ಕೊಂಡೀನಿ. ಇವರ ಮಾತು ಅವರಿಗೆ, ಅವರ ಮಾತು ಇವರಿಗೆ. ಒಂದೂ ನೆಟ್ಟಗಾಗವಲ್ದು. ಇದು ಪ್ರಾರ್ಥನಿನೋ, ಬರೇ ಓಡಾಟೋ?”

ತಬಿತವ್ವ ಸೂಜಿಯ ದಾರವನ್ನು ಹಲ್ಲಿನಿಂದ ಕಡಿದರು.

“ಮತ್ತ ಯಾವಾಗ ಹೋಗ್ತಿ?” ಎಂದರು.

ಅವಳು ಮತ್ತೆ ಹೋದಳು. ಒಮ್ಮೆ ಸುಲೋಚನಳ ಚಾದರ ಕೊಟ್ಟು ಬರಲು. ಒಮ್ಮೆ ಅವನಿಗೆ ಜ್ವರ ಬಂದಿದೆ ಎಂದು ಹೇಳಲು. ಒಮ್ಮೆ ಏನೂ ಕಾರಣವಿಲ್ಲದೆ. ಬಸ್ಸಿನಲ್ಲಿ ಅವಳು ಇಬ್ಬರ ಹೆಸರನ್ನೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು. ಹೆಸರಿನ ಮುಂದೆ ಏನು ಸೇರಿಸಬೇಕೆಂದು ತಿಳಿಯುತ್ತಿರಲಿಲ್ಲ. ಕುಡಿತ ಬಿಡಿಸು ಎನ್ನಬೇಕೋ, ಕೆಲಸ ಕೊಡಿಸು ಎನ್ನಬೇಕೋ, ಅವಳನ್ನು ಮನೆಗೆ ಕಳಿಸು ಎನ್ನಬೇಕೋ, ಕಳಿಸಬೇಡ ಎನ್ನಬೇಕೋ. ಮೊದಲು ಎಲ್ಲ ಗೊತ್ತಿತ್ತು. ಹತ್ತಿರ ಹೋದಷ್ಟೂ ಗೊತ್ತಿಲ್ಲದ್ದು ಹೆಚ್ಚಾಯಿತು.

ಸಂಜೆ ಕಂಬದ ಬುಡದಲ್ಲಿ ಕೂಡುತ್ತಿದ್ದಳು. ಮುಂದೆ ತಬಿತವ್ವ ಒಡೆದ ಗಂಟಲಿನಲ್ಲಿ ಮತ್ತೆ ಹೆಸರುಗಳನ್ನು ಹೇಳತೊಡಗಿದ್ದರು. ಒಂದು ಹೆಸರು. ಸುಮ್ಮನೆ. ಇನ್ನೊಂದು ಹೆಸರು. ಜನ ಕಡಿಮೆಯಾದರು. ರಾಹೇಲವ್ವ ಮಾತ್ರ ತಪ್ಪಿಸಲಿಲ್ಲ.

“ಸಪ್ಪ ಅನಿಸ್ತೈತಿ,” ಎನ್ನುತ್ತಿದ್ದಳು. “ಆದರ ಮನಿಗೆ ಹೋಗಿ ನಿದ್ದಿ ಹತ್ತತೈತಿ.”

ಒಂದು ಸಂಜೆ ಹಾಡು ಶುರುವಾಗುವ ಮೊದಲು ಸುಲೋಚನಾ ಬಂದಳು. ಊರಿಗೆ ಯಾವಾಗ ಬಂದಳೋ, ಎಲ್ಲಿ ಇಳಿದಿದ್ದಳೋ ಯಾರಿಗೂ ಗೊತ್ತಿರಲಿಲ್ಲ. ಹೆಂಗಸರ ಕಡೆ ಗೋಡೆಗೆ ಒರಗಿ ಕೂತಳು. ಜೆಮಿಮಳನ್ನು ಮಾತಾಡಿಸಲಿಲ್ಲ.

ಹಾಡಿನ ನಡುವೆ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು.

ಕರುಣಾಕರ ಹೊಸ್ತಿಲಿನ ಹೊರಗೆ ನಿಂತಿದ್ದ. ಒಗೆದ ಅಂಗಿ ತೊಟ್ಟಿದ್ದ. ಕುಡಿದಿದ್ದನೋ ಇಲ್ಲವೋ, ಹೊಳೆಯ ಗಾಳಿಯಲ್ಲಿ ಜೆಮಿಮಳಿಗೆ ತಿಳಿಯಲಿಲ್ಲ.

ಹಾಡು ನಿಂತಿತು. ತಲೆಗಳು ಹೊರಳಿದವು. ಸುಲೋಚನಾ ಮಾತ್ರ ಶಿಲುಬೆಯ ಕಡೆಯೇ ನೋಡುತ್ತಿದ್ದಳು. ಅವಳ ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು.

ಅವನು ತನ್ನ ಜಾಗವನ್ನು ನೋಡಿದ. ಅಲ್ಲಿ ಜೆಮಿಮಾ ಕೂತಿದ್ದಳು.

“ಮುಂದ ಬಾರಪಾ, ಗಂಡಸರ ಕಡೆ ಬೇಕಾದಷ್ಟು ಜಾಗಾ ಐತಿ,” ಎಂದು ರಾಹೇಲವ್ವ ಕರೆದಳು.

ಮುಂದೆ ಹೋಗಬೇಕೆಂದರೆ ಎಲ್ಲರ ನಡುವೆ ಹಾದು ಹೋಗಬೇಕಿತ್ತು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಬಗ್ಗಿ ಚಪ್ಪಲಿ ಹುಡುಕಿದ.

ಜೆಮಿಮಾ ಗಡಬಡಿಸಿ ಏಳಲು ಹೋದಳು. ಅವನ ಜಾಗ ಅವನಿಗೆ ಬಿಟ್ಟುಕೊಟ್ಟು ಹೆಂಗಸರ ಕಡೆ ಹೋಗಬೇಕೋ, ಹೊರಗೆ ಹೋಗಿ ಅವನನ್ನು ಕರೆಯಬೇಕೋ, ಕಣ್ಣು ಮುಚ್ಚಿ ಏನಾದರೂ ಬೇಡಿಕೊಳ್ಳಬೇಕೋ. ಅರ್ಧ ಎದ್ದವಳು ಹಾಗೆಯೇ ನಿಂತಳು.

“ಅವ್ವಾ,” ಎಂದಳು. “ಈಗ ಇವರ ಸಲುವಾಗಿ ನಾ ಏನು ಬೇಡಿಕೊಳ್ಳಲಿ?”

ತಬಿತವ್ವ ಶಿಲುಬೆಯ ಕೆಳಗಿನಿಂದ ಬಾಗಿಲ ಕಡೆ ನೋಡಿದರು.

“ಏಳಬ್ಯಾಡ,” ಎಂದರು. “ಸ್ವಲ್ಪ ಸರದು ಕೂಡು.”